ಕಾಸರಗೋಡಿನ ಎಣ್ಮಕಜೆ ಕಡೆಯ ಒಂದು ಮೈಂಡ್‌ಫುಲ್‌ನೆಸ್ ಶಿಬಿರ: 2 ರಾತ್ರಿ, 7,500 ರೂಪಾಯಿ, 47 ಅಡಿಕೆ

ಹೆಂಡತಿ ಬುಕ್ ಮಾಡಿದ್ದು, ನಾನಲ್ಲ. ಅವಳ ಶಾಲೆಯ ಟೀಚರ್ ಒಬ್ರು ಹೋಗಿ ಬಂದು ಭಾರೀ ಹೊಗಳಿದ್ರಂತೆ, ನನ್ನ ಹತ್ರ ಒಂದು ಮಾತು ಕೇಳದೆ ಇಬ್ಬರ ಹೆಸರೂ ಕೊಟ್ಟು, ಕೊನೆಗೆ ಅವಳಿಗೆ ಪರೀಕ್ಷೆ ಡ್ಯೂಟಿ ಬಿದ್ದು ನಾನೊಬ್ಬನೇ ಹೋಗುವ ಹಾಗಾಯ್ತು. ಅವಳ ದುಡ್ಡು ಮುಂದಿನ ಶಿಬಿರಕ್ಕೆ ಇಟ್ಟುಕೊಳ್ತೇವೆ ಅಂದ್ರು, ವಾಪಸ್ ಅಂತೂ ಇಲ್ಲ. ಹಾಗಾಗಿ ನಾನು ಹೋದದ್ದು ಶಾಂತಿ ಹುಡುಕಿಕೊಂಡು ಅಲ್ಲ ಮಾರಾಯ್ರೆ, 7,500 ರೂಪಾಯಿಯ ಹೊಟ್ಟೆಉರಿಯಲ್ಲಿ. ಅದನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ.

ಜಾಗದ ಹೆಸರು ಹಾಕುವುದಿಲ್ಲ. ತೋಟದ ಯಜಮಾನರು ಬೇರೆ, ಶಿಬಿರ ನಡೆಸುವವ್ರು ಬೇರೆ, ಒಬ್ಬರಿಗೆ ಬೈದದ್ದು ಇನ್ನೊಬ್ಬರಿಗೆ ತಾಗುವುದು ಬೇಡ. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕ ದಾಟಿ ಪೆರ್ಲದ ಆಸುಪಾಸಲ್ಲಿ ಒಳಗೆ ಹೋಗ್ಬೇಕು, ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣಿನ ರಸ್ತೆ, ನನ್ನ ಹಳೇ ಆಲ್ಟೊದ ಹೊಟ್ಟೆ ಎರಡು ಕಡೆ ಉಜ್ಜಿತು. ಬೆಂಗಳೂರಿಂದ ಬಂದವ್ರು ದೊಡ್ಡ ಗಾಡಿಯಲ್ಲಿ ಬಂದಿದ್ರು, ಅವ್ರಿಗೆ ಎಂತದೂ ಆಗ್ಲಿಲ್ಲ. ಒಟ್ಟು ಹದಿನಾಲ್ಕು ಜನ, ಬೆಂಗಳೂರು ಕೊಚ್ಚಿಯವ್ರೇ ಜಾಸ್ತಿ, ಮಂಗಳೂರಿಂದ ಇಬ್ಬರು, ಊರವ ಅಂತ ಇದ್ದದ್ದು ನಾನೊಬ್ಬ. ನಾನು ಹುಟ್ಟಿ ಬೆಳೆದ ಮನೆ ಅಲ್ಲಿಂದ ಒಂದು ಗುಡ್ಡ ಆಚೆ.

ಶುಕ್ರವಾರ ಸಂಜೆ ಹೋದ ಕೂಡ್ಲೇ ಒಂದು ಫಾರ್ಮ್ ಕೊಟ್ರು, ಇಂಗ್ಲಿಷಲ್ಲೊಂದು, ಮಲಯಾಳದಲ್ಲೊಂದು. ಕನ್ನಡ ಇಲ್ವಾ ಕೇಳಿದೆ, ಆ ಹುಡುಗಿ ಪಾಪ, ಇಲ್ಲಿ ಕನ್ನಡದವ್ರು ಇದ್ದಾರಾ ಅಂತ ನನ್ನನ್ನೇ ಕೇಳಿದ್ಳು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ್ದಕ್ಕೆ ನಾವು ಇವತ್ತಿಗೂ ಎಲ್ಲಾ ಕೌಂಟರಲ್ಲಿ ಇದೇ ಪ್ರಶ್ನೆ ಕೇಳ್ತಾ ಇದ್ದೇವೆ, ಮನಃಶಾಂತಿಯ ಕೌಂಟರಲ್ಲೂ ಬಿಡ್ಲಿಲ್ಲ ನೋಡಿ. ಸೈನ್ ಹಾಕಿ ಫೋನು ಕೊಟ್ಟೆ. ಬಟ್ಟೆಯ ಚೀಲದಲ್ಲಿ ಹಾಕಿ ಹೆಸರು ಬರೆದು ಕಪಾಟಲ್ಲಿಟ್ಟು ಬೀಗ. ಭಾನುವಾರ ಮಧ್ಯಾಹ್ನದವರೆಗೆ ಇಲ್ಲ.

ನಾನು ಸೊಸೈಟಿ ಬ್ಯಾಂಕಲ್ಲಿ ಕೆಲಸ ಮಾಡುವವ, ಬೆಳಿಗ್ಗೆ ತೋಟ, ಹತ್ತು ಗಂಟೆಗೆ ಕೌಂಟರ್. ಬೆಳಿಗ್ಗೆ ಎದ್ದ ಕೂಡ್ಲೇ ಅಡಿಕೆ ರೇಟ್ ನೋಡುವುದು, ಆಮೇಲೆ ವಾಟ್ಸಾಪು, ಆಮೇಲೆ ಪುನಃ ರೇಟು, ಒಂದು ಗಂಟೆಯಲ್ಲಿ ರೇಟು ಎಲ್ಲಿಗೆ ಹೋಗ್ತದೆ ಹೇಳಿ, ಆದ್ರೂ ನೋಡುವುದು. ಊಟಕ್ಕೆ ಕೂತ್ರೆ ಬಟ್ಟಲಿನ ಬಲಕ್ಕೆ ಉಪ್ಪಿನಕಾಯಿ, ಎಡಕ್ಕೆ ಫೋನು. ಹೆಂಡತಿ ಶಿಬಿರ ಹುಡುಕಿದ್ದು ಸುಮ್ಮನೆ ಅಲ್ಲ.

ಈಗ ಅಲ್ಲಿ ಕಲಿಸಿದ್ದಕ್ಕೆ ಬರ್ತೇನೆ. ನಡೆಸಿದ್ದು ಒಬ್ರು ಮೇಡಂ, ಒಳ್ಳೆ ಸ್ವಭಾವ, ದನಿ ಎತ್ತಿದ್ದೇ ಇಲ್ಲ. ಶನಿವಾರ ಬೆಳಿಗ್ಗೆ ಆರಕ್ಕೆ ಉಸಿರು ನೋಡುವುದು, ಮೂಗಿನ ತುದಿ ಮತ್ತೆ ಮೇಲಿನ ತುಟಿಯ ನಡುವೆ ಗಾಳಿ ತಾಗುವ ಜಾಗ ಗಮನಿಸುವುದು, ಇಪ್ಪತ್ತು ನಿಮಿಷ. ಇದು ವಿಪಶ್ಯನದಿಂದ ತಗೊಂಡದ್ದು ಅಂದ್ರು. ನನ್ನ ಭಾವ ಒಬ್ರು ಚೆಂಗನ್ನೂರು ಹತ್ರದ ವಿಪಶ್ಯನ ಕೇಂದ್ರಕ್ಕೆ ಹೋಗಿ ಹತ್ತು ದಿನ ಕೂತು ಬಂದವ್ರು, ಅವ್ರ ಬಾಯಿಂದ ಕೇಳಿ ನನಗೆ ಸ್ವಲ್ಪ ಗೊತ್ತುಂಟು. ಅಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಬಾರಿಸ್ತದೆ, ಮಾತಿಲ್ಲ, ಓದ್ಲಿಕ್ಕಿಲ್ಲ, ಬರೀಲಿಕ್ಕಿಲ್ಲ, ಮೊದಲ ಮೂರು ದಿನ ಪೂರ್ತಿ ಈ ಉಸಿರೊಂದೇ, ನಾಲ್ಕನೇ ದಿನಕ್ಕೆ ಮಾತ್ರ ಮುಂದಿನ ಪಾಠ. ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಗೋಯೆಂಕಾ ಅಲ್ಲಿಯ ಊ ಬಾ ಖಿನ್ ಹತ್ರ ಕಲಿತು 1969ರಲ್ಲಿ ಭಾರತಕ್ಕೆ ತಂದ ಕ್ರಮ ಅದು, ಊಟ ವಸತಿ ಸೇರಿ ಒಂದು ಪೈಸೆ ಫೀಸಿಲ್ಲ, ಕೋರ್ಸ್ ಮುಗಿಸಿದವ್ರು ಮನಸ್ಸಿದ್ರೆ ಕೊಟ್ಟ ದಾನದಲ್ಲಿ ನಡೆಯುವುದು. ಅಲ್ಲಿ ಮೂರು ದಿನ ಮಾಡಿಸುವುದನ್ನು ಇಲ್ಲಿ ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಚಾಯ ಕುಡೀಲಿಕ್ಕೆ ಕರೆದ್ರು. ಮೂರು ನಿಮಿಷಕ್ಕೇ ನನ್ನ ಕಾಲು ಜೋಮು ಹಿಡಿದಿತ್ತು, ಹಾಗಾಗಿ ಆಗ ಬೇಜಾರೇನೂ ಆಗ್ಲಿಲ್ಲ, ಸತ್ಯ ಹೇಳ್ಬೇಕಲ್ಲ.

ಆಮೇಲೆ ಒಣದ್ರಾಕ್ಷಿ. ಒಬ್ಬೊಬ್ಬರ ಕೈಗೆ ಒಂದೊಂದು ದ್ರಾಕ್ಷಿ ಕೊಟ್ಟು ನೋಡಿ, ಮೂಸಿ, ಕಿವಿ ಹತ್ರ ಹಿಡೀರಿ, ನಾಲಗೆ ಮೇಲಿಡಿ, ಈಗಲೇ ಜಗೀಬೇಡಿ ಅಂತ ಹತ್ತು ನಿಮಿಷ. ಇದು ಅಮೆರಿಕಾದ್ದು, 1979ರಲ್ಲಿ ಮ್ಯಾಸಚುಸೆಟ್ಸಿನ ಮೆಡಿಕಲ್ ಕಾಲೇಜಲ್ಲಿ ಜಾನ್ ಕಬಾಟ್-ಜಿನ್ ಅನ್ನುವವ್ರು ನೋವಿನ ರೋಗಿಗಳಿಗೆ ಅಂತ ಶುರು ಮಾಡಿದ ಎಂಟು ವಾರದ ಕೋರ್ಸಿಂದು. ತಮಾಷೆ ಅನ್ನಿಸ್ತದೆ, ಆದ್ರೆ ನಲ್ವತ್ತಾರು ವರ್ಷದಲ್ಲಿ ಒಂದು ದ್ರಾಕ್ಷಿಗೆ ಇಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಪಾಯಸದಲ್ಲಿ ಎಷ್ಟು ನುಂಗಿದ್ದೇವೆ.

ಮೇಡಂ ನನಗೋಸ್ಕರ ಪಾಪ ನಡುನಡುವೆ ಕನ್ನಡದಲ್ಲಿ ಹೇಳ್ತಾ ಇದ್ರು, ಮೈಂಡ್‌ಫುಲ್‌ನೆಸ್ ಅಂದ್ರೆ ಸಾವಧಾನತೆ, ಸಾವಧಾನತೆ ಅಂತ. ಅಡಿಗೆಯ ಅಕ್ಕ ಚಾಯದ ಲೋಟ ತೆಗೀಲಿಕ್ಕೆ ಬಂದವ್ರು ಅದನ್ನು ಕೇಳಿ ಒಳಗೆ ಹೋಗಿ ಯಾರಿಗೋ ಹೇಳಿದ್ದು ಹೊರಗೆ ಕೇಳಿತು, "ಇಲ್ಲಿ ಮದುವೆ ಉಂಟಾ, ಸುಮುಹೂರ್ತೇ ಸಾವಧಾನ ಹೇಳ್ತಾ ಇದ್ದಾರೆ?" ನಗು ತಡೀಲಿಕ್ಕೆ ಆಗದೆ ನಾನು ಎದ್ದು ಬಾತ್‌ರೂಮಿಗೆ ಹೋದೆ. ಎಚ್ಚರ ಅಂತ ಒಳ್ಳೆ ಶಬ್ದ ಉಂಟಲ್ಲ, ಅಜ್ಜಿ ಕತ್ತಿ ಹಿಡಿದವ್ರಿಗೆಲ್ಲ ದಿನಾ ಹೇಳ್ತಿದ್ದದ್ದು.

ಸರ್ಕಲ್ ಕೂತು ಶೇರಿಂಗ್ ಅಂತ ಮಾಡಿಸ್ತಾರೆ, ಅದು ನನಗೆ ಆಗುವಂಥದ್ದಲ್ಲ. ಒಬ್ಬೊಬ್ರೂ ಚಂದ ಚಂದ ಮಾತಾಡ್ತಾರೆ, ಹೀಲಿಂಗು, ಜರ್ನಿ, ಟಾಕ್ಸಿಕ್ಕು, ಮಾತು ಮುಗಿದ ಮೇಲೆ ಎಲ್ಲರೂ ಎದೆ ಮೇಲೆ ಕೈ ಇಡುವುದು. ದಿನಕ್ಕೆ ಮೂರು ಸಲ ಇದೇ. ನನ್ನ ಸರದಿ ಬಂದಾಗ ನಾನು ಸೊಸೈಟಿಯಲ್ಲಿ ಕೆಲಸ ಅಂತ ಹೇಳಿ ನಿಲ್ಲಿಸಿದೆ, ಅದಕ್ಕೂ ಎದೆ ಮೇಲೆ ಕೈ ಇಟ್ರು. ಮತ್ತೊಂದು, ನಮ್ಮ ಫೋನು ಕಪಾಟಲ್ಲಿ ಬೀಗ ಹಾಕಿಟ್ಟು ಅವ್ರದ್ದೇ ಹುಡುಗ ಒಬ್ಬ ನಾವು ಕಣ್ಣು ಮುಚ್ಚಿ ಕೂತದ್ದನ್ನು ಸುತ್ತ ಸುತ್ತ ವಿಡಿಯೋ ಮಾಡ್ತಾ ಇದ್ದ, ರೀಲಿಗೆ. ಕಣ್ಣು ಮುಚ್ಚಿದವ್ರಿಗೂ ಗೊತ್ತಾಗ್ತದೆ ಅದು.

ಮೌಲ್ಯಗಳ ಪಟ್ಟಿ ಅಂತ ಒಂದು ಹಾಳೆ ಕೊಟ್ರು. ನಿಮಗೆ ಜೀವನದಲ್ಲಿ ಮುಖ್ಯ ಆದ ಐದು ಬರೀರಿ. ಬರೆದೆವು. ಆಮೇಲೆ ನೋಡಿದ್ರೆ ಹದಿನಾಲ್ಕು ಜನರದ್ದೂ ಹೆಚ್ಚುಕಮ್ಮಿ ಒಂದೇ, ಕುಟುಂಬ, ಆರೋಗ್ಯ, ಪ್ರಾಮಾಣಿಕತೆ, ಹೀಗೇ, ಶಾಲೆಯ ಗೋಡೆಯಲ್ಲಿ ಬರೆದಿರ್ತದಲ್ಲ ಹಾಗೆ. ನಾನು ಮನಸ್ಸಲ್ಲೇ ನಗ್ತಾ ಇರುವಾಗ ಮೇಡಂ ಎರಡನೇ ಹಾಳೆ ಕೊಟ್ರು. ಒಂದೊಂದರ ಎದುರು, ಕಳೆದ ಒಂದು ತಿಂಗಳಲ್ಲಿ ಇದಕ್ಕೋಸ್ಕರ ನೀವು ಮಾಡಿದ್ದು ಎಂತದು, ಯಾವ ದಿನ, ಎಷ್ಟು ಹೊತ್ತು, ಬರೀರಿ. ಇಂಟೆನ್ಷನಲ್ ಲಿವಿಂಗ್ ಅಂದ್ರೆ ಅವ್ರ ಲೆಕ್ಕದಲ್ಲಿ ಈ ಎರಡು ಹಾಳೆ ತಾಳೆ ಆಗುವುದು. ಇದು ನನಗೆ ಬ್ಯಾಂಕಿನ ಭಾಷೆ, ಚೆನ್ನಾಗಿ ಅರ್ಥ ಆಯ್ತು. ಕುಟುಂಬದ ಎದುರು ಹೆಂಡತಿ, ಮಗಳು, ಅಮ್ಮ ಅಂತ ಬರೆದು ಕೆಳಗೆ ಒಂದು ಗೆರೆ ಖಾಲಿ ಬಿಟ್ಟೆ. ತುಂಬಿಸ್ಲಿಕ್ಕೆ ಎಂತದೂ ಇರ್ಲಿಲ್ಲ.

ಇನ್ನು ಅಡಿಕೆ. ಇಡೀ ಶಿಬಿರದಲ್ಲಿ ನನಗೆ ಹಿಡಿಸಿದ ಮೊದಲ ಕೆಲಸ ಇದು. ಶನಿವಾರ ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದು ಖಾಲಿ ತೆಂಗಿನ ಗೆರಟೆ, ಮಧ್ಯೆ ಒಂದು ಬುಟ್ಟಿ ಅಡಿಕೆ. ಫೋನಿಗೋಸ್ಕರ ಕೈ ಜೇಬಿಗೋ ಬ್ಯಾಗಿಗೋ ಹೋಯ್ತು ಅಂತ ಗೊತ್ತಾದ ಕೂಡ್ಲೇ ಒಂದು ಅಡಿಕೆ ತಂದು ನಿಮ್ಮ ಗೆರಟೆಗೆ ಹಾಕಿ, ಬೇರೆ ಎಂತದೂ ಮಾಡ್ಬೇಡಿ, ಬೈಕೊಳ್ಬೇಡಿ ಅಂದ್ರು. ಹತ್ತೋ ಹದಿನೈದೋ ಆಗ್ಬಹುದು ಅಂದುಕೊಂಡೆ. ಮಧ್ಯಾಹ್ನ ಊಟಕ್ಕೆ ಮೊದಲು ಇಪ್ಪತ್ತೆಂಟು. ರಾತ್ರಿಗೆ 47. ಜೇಬಲ್ಲಿ ಫೋನು ಇಲ್ಲ ಅಂತ ಗೊತ್ತುಂಟು, ಕಪಾಟಿನ ಬೀಗ ಕಣ್ಣೆದುರೇ ಉಂಟು, ಆದ್ರೂ ಕೈ ಹೋಗ್ತದೆ. ತೋಡಿನ ಕಾಲುಸಂಕ ದಾಟಿದ ಕೂಡ್ಲೇ ಹೋಗ್ತದೆ, ಯಾರಾದ್ರೂ ಮಾತು ಮುಗಿಸಿ ತಿರುಗಿದ ಕೂಡ್ಲೇ ಹೋಗ್ತದೆ, ಒಂದು ಕೆಲಸ ಮುಗಿದು ಇನ್ನೊಂದು ಶುರು ಆಗುವ ಮಧ್ಯದ ಸಂದಿಯಲ್ಲಿ ಪ್ರತಿ ಸಲ. ಮತ್ತೊಂದು ತಮಾಷೆ, ಪ್ರತಿ ಸಲ ಬುಟ್ಟಿಗೆ ಕೈ ಹಾಕುವಾಗ ನಾನು ಅಡಿಕೆ ಆರಿಸ್ತಾ ಇದ್ದೆ. ಇದು ಪಟೋರ, ಇದು ಉಳ್ಳಿ, ಇದು ಕೋಕ, ಯಾರು ಮಾರಾಯ್ರೆ ಒಳ್ಳೆ ಚಾಲಿಯ (ಒಣಗಿಸಿ ಸುಲಿದ ಬಿಳಿ ಅಡಿಕೆ) ಜೊತೆ ಕರಿಗೋಟು (ಕಪ್ಪಾದ ಕಳಪೆ ಅಡಿಕೆ) ಹಾಕಿದ್ದು ಅಂತ. ಬೆಂಗಳೂರಿನ ಹುಡುಗನ ಗೆರಟೆಯಲ್ಲಿ ಎಲ್ಲಾ ಕಲಸುಮೇಲೋಗರ, ನನ್ನದರಲ್ಲಿ ಗ್ರೇಡ್ ಮಾಡಿಟ್ಟ ಹಾಗೆ. ಮೇಡಂ ಅದನ್ನು ನೋಡಿ ಎಂತದೂ ಹೇಳ್ಲಿಲ್ಲ, ನಕ್ಕರು ಅಷ್ಟೆ.

ಊಟದ ಬಗ್ಗೆ ಒಂದು ಪ್ಯಾರಾ ಬರೀಲೇಬೇಕು, 7,500ರಲ್ಲಿ ಎರಡು ಸಾವಿರ ಅದಕ್ಕೇ ಕೊಟ್ಟದ್ದು ಅಂತ ನನ್ನ ಲೆಕ್ಕ. ಮಾರ್ಚ್ ಕೊನೆ, ಗುಜ್ಜೆಯ ಕಾಲ, ಗುಜ್ಜೆ ಪಲ್ಯ, ಸೌತೆಕಾಯಿ ಕೊದಿಲು, ಒಂದೆಲಗದ ತಂಬುಳಿ, ರಾತ್ರಿ ಕುಚ್ಚಿಲಕ್ಕಿ ಗಂಜಿಗೆ ಮಾವಿನಮಿಡಿ. ಮಾತಾಡದೆ ಉಣ್ಬೇಕು ಅಂತ ನಿಯಮ. ಇದು ಒಳ್ಳೇದು. ತಂಬುಳಿಯಲ್ಲಿ ಜೀರಿಗೆ ಎಲ್ಲಿ ಬರ್ತದೆ, ಮೆಣಸು ಯಾವಾಗ ತಾಗ್ತದೆ ಅಂತ ಗೊತ್ತಾಯ್ತು. ಮೂರನೇ ತುತ್ತಿಗೆ ಅಮ್ಮ ಮಾಡುವುದು ಇದಕ್ಕಿಂತ ಸ್ವಲ್ಪ ಹುಳಿ ಅಂತ ನೆನಪಾಯ್ತು, ಎಷ್ಟೋ ವರ್ಷದಿಂದ ಮನೆಯಲ್ಲಿ ಅದನ್ನೇ ಉಣ್ತಾ ಇದ್ದೇನೆ, ಯಾವತ್ತೂ ಗಮನಿಸಿರ್ಲಿಲ್ಲ. ಅಡಿಗೆಯ ಅಕ್ಕನಿಗೆ ಪ್ರತ್ಯೇಕ ಐದು ಸ್ಟಾರ್. ರೂಮಿಗೆ ಎರಡು, ಸೊಳ್ಳೆ ಪರದೆಯಲ್ಲಿ ಕೈ ಹೋಗುವಷ್ಟು ತೂತು.

ಇನ್ನು ಸುರಂಗ. ಹೊರಗಿನವ್ರಿಗೆ ಸುರಂಗ ಅಂದ್ರೆ ರೈಲು ಹೋಗುವುದು. ನಮ್ಮ ಕಡೆ ಸುರಂಗ ಅಂದ್ರೆ ನೀರು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಒಬ್ಬ ಬಗ್ಗಿ ಹೋಗುವಷ್ಟು ದಾರಿ ಮಾಡುವುದು, ಒಳಗೆ ಒಸರು ಸಿಕ್ಕಿದ್ರೆ ನೀರು ತನ್ನಷ್ಟಕ್ಕೇ ಹೊರಗೆ ಹರೀತದೆ, ಪಂಪೂ ಬೇಡ, ಕರೆಂಟೂ ಬೇಡ. ಮೊದಲೆಲ್ಲ ಅಡಿಕೆ ಮರದ ದಂಬೆಯಲ್ಲಿ ಅಂಗಳದ ತೊಟ್ಟಿಗೆ ಬರ್ತಿತ್ತು, ಈಗ ಪೈಪು. ಅಗೆಯುವವ ಒಂದು ದೀಪವೋ ಮೇಣದಬತ್ತಿಯೋ ಒಳಗೆ ಇಟ್ಟುಕೊಳ್ತಿದ್ದ, ಅದು ನಂದಿತು ಅಂದ್ರೆ ಗಾಳಿ ಇಲ್ಲ, ಪಿಕ್ಕಾಸು ಬಿಟ್ಟು ಹೊರಗೆ ಬರುವುದು. ಗಡಿಯಾಚೆ ಕೇಪುವಿನ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕೆಲಸಕ್ಕೆ, ದಿನ ಇಡೀ ಕೂಲಿಗೆ ಹೋಗಿ ಬಂದು, ಬೋಳು ಗುಡ್ಡದಲ್ಲಿ ಒಬ್ಬರೇ ಕೊರೆದು, ಒಂದರಲ್ಲಿ ನೀರಿಲ್ಲ, ಮತ್ತೊಂದರಲ್ಲೂ ಇಲ್ಲ, ಆದ್ರೂ ಬಿಡದೆ ಕೊರೆದು ಕೊನೆಗೆ ನೀರು ತಂದವ್ರು.

ಶನಿವಾರ ಸಂಜೆ ಒಬ್ಬೊಬ್ಬರನ್ನೇ ಅಲ್ಲಿಗೆ ಕಳಿಸಿದ್ರು. ಬಾಯಿಯಿಂದ ನಾಲ್ಕು ಹೆಜ್ಜೆ ಒಳಗೆ ಒಂದು ಮರದ ಮಣೆ, ಅದರಲ್ಲಿ ಕೂತು ಇಪ್ಪತ್ತು ನಿಮಿಷ ಬರೀ ಕೇಳುವುದು. ನಿಮ್ಮ ನೆನಪಿನಲ್ಲಿರುವ ಅತಿ ಹಳೇ ಶಬ್ದ ಯಾವುದು, ಅದು ಬಂದ್ರೆ ಬರ್ಲಿ, ಬರದಿದ್ರೆ ಬಿಡಿ, ಅಷ್ಟೇ ಹೇಳಿದ್ದು ಮೇಡಂ. ಹೊರಗೆ ಬೆವರು ಕಿತ್ತು ಹೋಗ್ತಾ ಇತ್ತು, ಒಳಗೆ ತಂಪು. ಬಾವಲಿಯ ವಾಸನೆ. ಮಾರ್ಚಲ್ಲಿ ನೀರು ಕಮ್ಮಿ, ಹರಿಯುವುದಿಲ್ಲ, ಹನಿ. ಟಪ್. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು. ಮೊದಲು ನಾನು ಹನಿ ಎಣಿಸಿದೆ, ಆಮೇಲೆ ಒಂದು ನಿಮಿಷಕ್ಕೆ ಇಷ್ಟಾದ್ರೆ ದಿನಕ್ಕೆ ಎಷ್ಟು ಕೊಡಪಾನ ಅಂತ ಗುಣಿಸಿದೆ, ಆಮೇಲೆ ಲೆಕ್ಕ ತಪ್ಪಿತು.

ಆಗ ಬಂದ ಶಬ್ದ ಹೆಲಿಕಾಪ್ಟರಿಂದು.

ನಮ್ಮ ಊರಿನವ್ರಿಗೆ ವಿವರಿಸುವುದು ಬೇಡ. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಗೇರುತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ವಿಷ ಬಿಟ್ಟದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ನಿಲ್ಲಿಸಿದ್ದು, ಮಧ್ಯೆ ಯಾವ ಮನೆಯಲ್ಲಿ ಎಂತ ಆಯ್ತು ಅಂತ ಇಲ್ಲಿ ಬರೆಯುವ ವಿಷಯ ಅಲ್ಲ. ಆದ್ರೆ ನನಗೆ ಎಂಟೋ ಒಂಬತ್ತೋ ವರ್ಷ, ಆ ಶಬ್ದ ಕೇಳಿದ ಕೂಡ್ಲೇ ಅಮ್ಮ ಮಡಲು ತಂದು ಸುರಂಗದ ತೊಟ್ಟಿ ಮುಚ್ಚುವುದು, ನೀರು ಮುಚ್ಚಿ ಅಂತ ಗೇರುತೋಟದವ್ರು ಹೇಳಿ ಹೋಗ್ತಿದ್ರು, ನಾನೂ ಅಣ್ಣನೂ ಹೆಲಿಕಾಪ್ಟರ್ ನೋಡ್ಲಿಕ್ಕೆ ಗುಡ್ಡ ಹತ್ತಿ ಓಡುವುದು. ಅಣ್ಣ ಮುಂದೆ, ನನ್ನ ಕೈ ಅವನ ಕೈಯಲ್ಲಿ, ನಾವು ಅದಕ್ಕೆ ಟಾಟಾ ಮಾಡ್ತಿದ್ದೆವು. ಟಾಟಾ ಮಾಡ್ತಿದ್ದೆವು ಮಾರಾಯ್ರೆ.

ಶಿಬಿರದ ಬ್ರೋಷರಲ್ಲಿ ಮೊದಲ ಸಾಲೇ "ಕಲುಷಿತವಾಗದ ಪರಿಸರ" ಅಂತ ಉಂಟು. ಅದನ್ನು ತೆಗೆಯಿರಿ ಅಂತ ಹೊರಡುವಾಗ ಹೇಳಿ ಬಂದೆ.

ಆ ಖಾಲಿ ಬಿಟ್ಟ ಗೆರೆ ಅಣ್ಣನದ್ದು. ಅವ ಬೆಂಗಳೂರಲ್ಲಿ, ಜಾಗ ಮಾರುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಹದಿನಾಲ್ಕು ತಿಂಗಳಾಯ್ತು. ಸುರಂಗದಲ್ಲಿ ಕೂತು ನನಗೆ ಗೊತ್ತಾದದ್ದು ಇಷ್ಟು: ನಾನು ದಿನಾ ನೋಡುವುದು ಅಡಿಕೆ ರೇಟ್ ಅಲ್ಲ. ಅವನದ್ದು ಮೆಸೇಜ್ ಬಂತಾ ಅಂತ. ರೇಟ್ ನೋಡುವುದು ಮನಸ್ಸಿಗೆ ಕೊಡುವ ನೆಪ. 47 ಅಡಿಕೆಯಲ್ಲಿ ಎಷ್ಟು ಅವನ ಲೆಕ್ಕದ್ದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ, ಸುಮಾರು ಉಂಟು. ಹೊರಗೆ ಬಂದಾಗ ಮುಂದಿನವ್ರು ಕಾಯ್ತಾ ಇದ್ರು, ಮೇಡಂ ಹೇಗಿತ್ತು ಕೇಳಿದ್ರು, ಬಾವಲಿ ಉಂಟು ಅಂದೆ. ರಾತ್ರಿಯ ಸರ್ಕಲಲ್ಲೂ ಬಾಯಿ ಬಿಡ್ಲಿಲ್ಲ.

ಭಾನುವಾರ ಬೆಳಿಗ್ಗೆ ನಿದ್ದೆ ಬಾರದೆ ಐದಕ್ಕೆ ಎದ್ದು ಹೊರಗೆ ಬಂದ್ರೆ ತೋಟದ ಯಜಮಾನರು ಟಾರ್ಚ್ ಹಿಡಿದು ಸುರಂಗದ ಕಡೆ ಹೋಗ್ತಾ ಇದ್ರು. ದಿನಾ ಹೋಗ್ತೀರಾ ಕೇಳಿದೆ. "ಹೋಗದೆ ಮತ್ತೆ? ರಾತ್ರಿ ಮಣ್ಣು ಬಿದ್ರೆ ನೀರು ಕಟ್ತದೆ, ನೋಡ್ಬೇಕಲ್ಲ ಭಾವ. ಬಿದ್ದರೆ ತೆಗೆಯುವುದು, ಬೀಳದಿದ್ರೆ ಬರುವುದು." ನೀವು ಈ ಕ್ಲಾಸಿಗೆ ಕೂತದ್ದಿಲ್ವಾ ಅಂತ ಕೇಳಿದ್ದಕ್ಕೆ ಒಮ್ಮೆ ಕೂತಿದ್ದೆ, ನಿದ್ದೆ ಬಂತು ಅಂದ್ರು.

ಕೊನೆಯ ಎರಡು ಗಂಟೆ ಹಾಳು. ಮೂವತ್ತು ದಿನದ ಆನ್‌ಲೈನ್ ಕೋರ್ಸು, ಅದಕ್ಕೆ ಇವತ್ತೇ ಸೇರಿದ್ರೆ ಡಿಸ್ಕೌಂಟು, ಒಂದು ಡೈರಿ, ಲಾವಂಚದ ಎಣ್ಣೆ, ಕಂಚಿನ ಬಟ್ಟಲು. ಆ ಬಟ್ಟಲಿನ ಶಬ್ದ ನಮ್ಮ ದೇವರ ಕೋಣೆಯ ಜಾಗಟೆಗಿಂತ ದೊಡ್ಡ ವ್ಯತ್ಯಾಸ ಎಂತದೂ ಇಲ್ಲ, ರೇಟು ಮಾತ್ರ ಉಂಟು. ಎರಡು ದಿನ ಆಸೆ ಕಮ್ಮಿ ಮಾಡಿ ಅಂತ ಹೇಳಿ ಕೊನೆಗೆ ಕ್ಯೂಆರ್ ಕೋಡ್ ಹಿಡಿಯುವುದು ಚಂದ ಕಾಣುವುದಿಲ್ಲ. ಅದು ಸ್ಕ್ಯಾನ್ ಮಾಡ್ಲಿಕ್ಕೆ ಅಂತಲೇ ಅರ್ಧ ಗಂಟೆ ಮೊದಲು ಫೋನು ವಾಪಸ್ ಕೊಟ್ರು ಅಂತ ನನಗೆ ಡೌಟು.

ದುಡ್ಡು ಕೊಟ್ಟು ಹೋಗ್ಬೇಕಾ ಅಂತ ಕೇಳುವವ್ರಿಗೆ: ನಮ್ಮ ಜಿಲ್ಲೆಯಲ್ಲೇ ಕಾಞಂಗಾಡಿನಲ್ಲಿ, ನಮ್ಮವರ ಬಾಯಲ್ಲಿ ಹೊಸದುರ್ಗ, ಆನಂದಾಶ್ರಮ ಉಂಟು. ಸ್ವಾಮಿ ರಾಮದಾಸರು ಅದೇ ಊರಿನವ್ರು, ಪೂರ್ವಾಶ್ರಮದಲ್ಲಿ ವಿಠಲ ರಾವ್, ಮಾತಾಜಿ ಕೃಷ್ಣಾಬಾಯಿಯವ್ರ ಜೊತೆ 1931ರಲ್ಲಿ ಕಟ್ಟಿದ್ದು. ನನ್ನ ಅಮ್ಮ ವರ್ಷಕ್ಕೊಮ್ಮೆ ಹೋಗಿ ಎರಡು ದಿನ ಇದ್ದು ಬರ್ತಾಳೆ. ಫೀಸು ಅಂತ ಇಲ್ಲ. ಹಾಳೆ ತುಂಬಿಸ್ಲಿಕ್ಕಿಲ್ಲ, ಎದೆ ಮೇಲೆ ಕೈ ಇಡ್ಲಿಕ್ಕಿಲ್ಲ, ಭಜನೆ ಹಾಲಲ್ಲಿ ರಾಮನಾಮ ನಡೀತಾ ಇರ್ತದೆ, ಕೂತರೆ ಕೂರ್ಬಹುದು, ಎದ್ದು ಬಂದ್ರೆ ಬರ್ಬಹುದು. ಅಲ್ಲಿ ಎಂತ ಮಾಡ್ತೀ ಅಂತ ಒಮ್ಮೆ ಕೇಳಿದ್ದೆ, "ಎಂತ ಮಾಡುವುದು, ಕೂತ್ಕೊಳ್ಳುವುದು" ಅಂದಿದ್ಳು. ಭಕ್ತಿ ಆಗದವ್ರಿಗೆ ಅದು ಹಿಡಿಸ್ಲಿಕ್ಕಿಲ್ಲ, ಕಾಲು ಗಟ್ಟಿ ಇದ್ದು ಹತ್ತು ದಿನ ರಜೆ ಸಿಗುವವ್ರಿಗೆ ವಿಪಶ್ಯನ ಉಂಟು. ಇದೆರಡೂ ಆಗದವ್ರಿಗೆ, ನನ್ನ ಹಾಗೆ ಹೆಂಡತಿ ಬುಕ್ ಮಾಡಿದವ್ರಿಗೆ, ಈ ಶಿಬಿರ ಆದೀತು. ಅಡಿಕೆ ಮತ್ತೆ ಸುರಂಗ, ಇದೆರಡನ್ನೇ ಇಟ್ಟು ಒಂದು ದಿನದ್ದು ಮಾಡಿ ಎರಡು ಸಾವಿರ ತಗೊಂಡ್ರೆ ನಾನೇ ಊರಿನ ನಾಲ್ಕು ಜನರನ್ನು ಕಳಿಸ್ತೇನೆ. ಈಗಿರುವ ಹಾಗೆ ಮೂರು ಸ್ಟಾರ್, ಅಕ್ಕನ ತಂಬುಳಿ ಸೇರಿದ್ರೆ ಮೂರೂವರೆ.

ಹೋಗುವವ್ರು ಸೊಳ್ಳೆಬತ್ತಿ, ಟಾರ್ಚ್, ಕುತ್ತಿಗೆಗೆ ಒಂದು ಬೈರಾಸು ತಗೊಂಡು ಹೋಗಿ. ಫಾರ್ಮ್ ಕನ್ನಡದಲ್ಲಿ ಕೇಳಿ, ನಾಲ್ಕು ಜನ ಕೇಳಿದ್ರೆ ಮಾಡಿಸ್ಯಾರು.

ಮನೆಗೆ ಬಂದ ರಾತ್ರಿ ಅಣ್ಣನಿಗೆ ನಾನೇ ಫೋನ್ ಮಾಡಿದೆ. ಐದು ನಿಮಿಷ. ಜಾಗದ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಿತ್ತಲಿನ ಬಕ್ಕೆ ಹಲಸು ಈ ವರ್ಷ ಹಿಡಿದಿದೆಯಾ ಕೇಳಿದ, ಹಿಡಿದಿದೆ ಅಂದೆ, ಹಪ್ಪಳ ಮಾಡಿದ್ರೆ ಕಳಿಸು ಅಂದ. ಹೆಲಿಕಾಪ್ಟರ್ ವಿಷಯ ಹೇಳ್ಬೇಕು ಅಂತ ಇತ್ತು, ಬಾಯಿಗೆ ಬರ್ಲಿಲ್ಲ.

ಈಗ ಎರಡು ತಿಂಗಳಾಯ್ತು. ಬೆಳಗ್ಗಿನ ಉಸಿರು ಮೂರು ವಾರ ನಡೆದು ನಿಂತಿತು. ಗೆರಟೆ ಮಾತ್ರ ಬ್ಯಾಂಕಿನ ಮೇಜಿನ ಮೇಲೆ ಉಂಟು, ಗಿರಾಕಿಗಳು ಎಂತ ಇದು, ಅಡಿಕೆಯ ಸ್ಯಾಂಪಲ್ಲಾ ಅಂತ ಕೇಳ್ತಾರೆ. ನಿನ್ನೆ ಸಂಜೆ ಮನೆಗೆ ತಂದು ಹೆಂಡತಿ ಎದುರು ಎಣಿಸಿದೆ, ಹತ್ತೊಂಬತ್ತು. ಅವಳು ಗೆರಟೆಯೊಳಗೆ ಬಗ್ಗಿ ನೋಡಿ, "ಕರಿಗೋಟು ಒಂದೂ ಇಲ್ಲ, ಇನ್ನೂ ಆರಿಸ್ತಾ ಇದ್ದೀರಾ?" ಅಂದ್ಳು.